ತಕರಾರಿಲ್ಲದ ಬಾಗಿಲು

ಎವರೆಟ್ ಪೀಸ್ಲಿಗೆ ತನ್ನ ಮನೆಯ ಬಾಗಿಲಿಗೆ ಕಿತ್ತಳೆ ಬಣ್ಣ ಬಳಿಯುವ ಆಸೆ ಎಳ್ಳಷ್ಟೂ ಇರಲಿಲ್ಲ. ಆ ಬಣ್ಣ ಕಂಡರೇ ಅವನಿಗೆ ಆಗುತ್ತಿರಲಿಲ್ಲ. ಆದರೂ ಅರ್ಜಿ ಹಾಕಿದ. ಯಾಕೆ ಹಾಕಿದ ಎಂದು ತಿಳಿಯಬೇಕಾದರೆ ಅವನ ಅಕ್ಕ ವಿನ್ನಿಯಿಂದ ಶುರುಮಾಡಬೇಕು.

ಅಕ್ಕ ತಮ್ಮ ಇಬ್ಬರೂ ಮದುವೆಯಾದವರಲ್ಲ. ಅಮೆರಿಕದ ಕಡಲ ತೀರದ ಊರು ಹ್ಯಾಲಮ್‌ಪೋರ್ಟಿನ ವಾಟರ್ ಸ್ಟ್ರೀಟಿನಲ್ಲಿದ್ದ ಆ ಮನೆಯಲ್ಲಿ ಮಾತೆಲ್ಲ ಅಕ್ಕನ ಪಾಲಿಗೆ, ಮೌನವೆಲ್ಲ ತಮ್ಮನ ಪಾಲಿಗೆ ಎಂದು ಹಂಚಿಕೊಂಡು ಇಬ್ಬರೂ ಸುಖವಾಗಿದ್ದರು. ಚರ್ಚಿನ ಸಂತರ್ಪಣೆಗೆ ಹಂಡೆಗಟ್ಟಲೆ ಬೀನ್ಸ್ ಬೇಯಿಸುವವಳು ವಿನ್ನಿ, ಗ್ರಂಥಾಲಯದ ಹಳೆ ಪುಸ್ತಕಗಳ ಮಾರಾಟಕ್ಕೆ ಮೇಜು ಜೋಡಿಸುವವಳು ವಿನ್ನಿ, ಮೇಯರ್ ಚುನಾವಣೆಯಲ್ಲಿ ಯಾರು ಯಾರಿಗೆ ಕೈಕೊಡುತ್ತಾರೆ ಎಂದು ಮೊದಲೇ ಹೇಳುವವಳೂ ಅವಳೇ. ಅವಳ ಅಡುಗೆಮನೆಯಲ್ಲಿ ಸದಾ ಯಾರಾದರೊಬ್ಬರು ಕಾಫಿ ಲೋಟ ಹಿಡಿದು ಕೂತಿರುತ್ತಿದ್ದರು. ಎವರೆಟ್ ಬಂದವನು ಎಲ್ಲರಿಗೂ ಒಮ್ಮೆ ತಲೆಯಾಡಿಸಿ, ಡಬ್ಬಿಯಿಂದ ಒಂದು ಬಿಸ್ಕತ್ತು ತೆಗೆದುಕೊಂಡು ಮಹಡಿ ಹತ್ತಿಬಿಡುತ್ತಿದ್ದ. ಮೇಲೆ ಕೂತು ಕೆಳಗಿನವರ ನಗು ಕೇಳಿಸಿಕೊಳ್ಳುವುದೇ ಅವನಿಗೆ ಜನರ ಸಹವಾಸ. ಅಷ್ಟು ಸಾಕಾಗಿತ್ತು ಕೂಡ.

ಅವನು ಮಾಡುತ್ತಿದ್ದ ಕೆಲಸವೂ ಅಂಥದ್ದೇ. ನದಿ ಸಮುದ್ರ ಸೇರುವಲ್ಲಿರುವ ಎತ್ತುವ ಸೇತುವೆಯ ಮೇಲಿನ ಗೂಡಿನಲ್ಲಿ ನಿವೃತ್ತಿಯಾಗುವವರೆಗೂ ಕೂತಿದ್ದ. ದೋಣಿಯವರು ಹಾರ್ನಿನಲ್ಲಿ ಒಂದು ಉದ್ದ, ಒಂದು ಗಿಡ್ಡ ಕೂಗು ಹಾಕಿದರೆ ಸೇತುವೆ ಎತ್ತು ಎಂದರ್ಥ. ಇವನೂ ಹಾಗೆಯೇ ಕೂಗಿಸಿದರೆ ಎತ್ತುತ್ತೇನೆ ಎಂದರ್ಥ. ಈಗ ಆಗುವುದಿಲ್ಲ ಎನ್ನಬೇಕಾದರೆ ಐದು ಗಿಡ್ಡ ಕೂಗು. ಆ ಊರಿನ ಜನರೊಂದಿಗೆ ಅವನು ಬದುಕಿನಲ್ಲಿ ಆಡಿದ ಮಾತು ಹೆಚ್ಚುಕಡಿಮೆ ಇಷ್ಟೇ.

ಫೆಬ್ರವರಿಯ ಹಿಮದಲ್ಲಿ ವಿನ್ನಿ ತೀರಿಹೋದಳು. ಅಂತ್ಯಕ್ರಿಯೆಗೆ ಚರ್ಚು ತುಂಬಿತ್ತು. ಆಮೇಲೆ ಕೆಲವು ವಾರ ಮನೆ ಮೆಟ್ಟಿಲ ಮೇಲೆ ಊಟ ಬರುತ್ತಿತ್ತು. ಬರುತ್ತಿತ್ತು ಎಂದರೆ ಬರುತ್ತಿತ್ತು ಅಷ್ಟೇ, ತಂದವರು ಮಾತ್ರ ಕಾಣುತ್ತಿರಲಿಲ್ಲ. ದುಃಖದಲ್ಲಿರುವವನ ಬಾಗಿಲು ತಟ್ಟಿ ತೊಂದರೆ ಕೊಡಬಾರದು ಎನ್ನುವುದು ಆ ಊರಿನವರ ದೊಡ್ಡ ಮರ್ಯಾದೆ. ಎವರೆಟ್ ಬಾಗಿಲು ತೆರೆದರೆ ಬೆಚ್ಚಗಿನ ಪಾತ್ರೆ ಇರುತ್ತಿತ್ತು, ಬೀದಿ ಖಾಲಿಯಿರುತ್ತಿತ್ತು. ಹಿಮದ ಮೇಲೆ ಬಂದ ಹೆಜ್ಜೆ, ಹೋದ ಹೆಜ್ಜೆ ಎರಡೂ ಕಾಣುತ್ತಿದ್ದವು. ಇವನೂ ಅದೇ ಊರಿನ ನೀರು ಕುಡಿದವನಲ್ಲವೇ? ಪಾತ್ರೆ ತೊಳೆದು ಅವರವರ ಮೆಟ್ಟಿಲ ಮೇಲೆ ಸದ್ದಿಲ್ಲದೆ ಇಟ್ಟು ಬರುತ್ತಿದ್ದ. ಇಂಥ ಮರ್ಯಾದಸ್ಥರನ್ನು ಕಟ್ಟಿಕೊಂಡು ಯಾರು ಏನು ಮಾಡಲು ಸಾಧ್ಯ? ಮಾರ್ಚ್ ಮುಗಿಯುವಷ್ಟರಲ್ಲಿ ಪಾತ್ರೆಗಳೂ ನಿಂತವು.

ಅಡುಗೆಮನೆಯ ಸದ್ದು ನಿಂತ ಮೇಲೆ ಎವರೆಟ್‌ಗೆ ಮಹಡಿಯಲ್ಲಿ ಕೂರಲಾಗಲಿಲ್ಲ. ಕೆಳಗೆ ಬಂದು ವಿನ್ನಿಯ ಕುರ್ಚಿಯ ಎದುರು ಕುರ್ಚಿಯಲ್ಲಿ ಕೂತ. ಅಲ್ಲೂ ಆಗಲಿಲ್ಲ. ಒಂಟಿತನ ಎನ್ನುವ ಮಾತನ್ನು ಅವನು ಎಂದೂ ಬಳಸಿದವನಲ್ಲ. ಇಷ್ಟು ವರ್ಷ ಒಬ್ಬನೇ ಗೂಡಿನಲ್ಲಿ ಕೂತಿದ್ದವನಿಗೆ ಅದೇನು ಹೊಸದು ಎಂದುಕೊಂಡಿದ್ದ. ಮನೆಗೆ ಹೋದರೆ ಯಾರೋ ಇದ್ದಾರೆ ಎನ್ನುವ ಧೈರ್ಯದಲ್ಲಿ ಒಬ್ಬನೇ ಕೂರುವುದು ಬೇರೆ, ಸುಮ್ಮನೆ ಒಬ್ಬನೇ ಕೂರುವುದು ಬೇರೆ ಎಂದು ಈಗ ತಿಳಿಯಿತು. ಹೇಳಿಕೊಳ್ಳಲು ಯಾರೂ ಇರಲಿಲ್ಲ, ಇದ್ದರೂ ಹೇಗೆ ಹೇಳುವುದೆಂದು ಗೊತ್ತಿರಲಿಲ್ಲ.

ಏಪ್ರಿಲ್ ಗಾಳಿಗೆ ಸೂರಿನ ನೀರು ಇಳಿಸುವ ಮರದ ದೋಣಿ ಮುರಿದು ಬಿತ್ತು. ಅಗ್ಗವಾಗಿ ಮುಗಿಯಲಿ ಎಂದು ಅಲ್ಯೂಮಿನಿಯಂದು ಹಾಕಿಸಲು ಹೊರಟ. ಹ್ಯಾಲಮ್‌ಪೋರ್ಟಿನ ಹಳೆ ಬೀದಿಗಳಲ್ಲಿ ಮನೆಯೊಳಗೆ ನೀವು ಬೇಕಾದರೆ ಕುದುರೆ ಕಟ್ಟಿಕೊಳ್ಳಿ, ಯಾರೂ ಕೇಳುವುದಿಲ್ಲ. ಬೀದಿಗೆ ಕಾಣುವ ಒಂದು ಮೊಳೆ ಬದಲಾಯಿಸಬೇಕಾದರೆ ಮಾತ್ರ ಹಳೆ ಮನೆಗಳ ರೂಪ ಕೆಡದಂತೆ ಕಾಯುವ ನಗರಸಭೆಯ ಪಾರಂಪರಿಕ ಸಮಿತಿಯ ಮುಂದೆ ಕೈಕಟ್ಟಿ ನಿಲ್ಲಬೇಕು. ಅರ್ಜಿ ಬಿದ್ದ ಕೂಡಲೇ ಸುತ್ತಲ ಮನೆಗಳಿಗೆಲ್ಲ ನೋಟಿಸು ಹೋಗುತ್ತದೆ, ಊರಿನ ವಾರಪತ್ರಿಕೆಯಲ್ಲೂ ಅಚ್ಚಾಗುತ್ತದೆ: ಇಂಥವರು ಇಂಥದ್ದು ಮಾಡಲು ಹೊರಟಿದ್ದಾರೆ, ತಕರಾರಿದ್ದವರು ಸಭೆಗೆ ಬಂದು ಹೇಳಿ. ತಕರಾರಿಲ್ಲದವರು ಆ ಊರಿನಲ್ಲಿ ಇನ್ನೂ ಹುಟ್ಟಿಲ್ಲ.

ಆ ಸಂಜೆ ಸಭೆಗೆ ಬೀದಿಯೇ ಎದ್ದು ಬಂದಿತ್ತು.

"ಅಲ್ಯೂಮಿನಿಯಮ್ಮಾ?" ಎಂದು ಎದುರು ಮನೆಯ ಹ್ಯಾರಿಯೆಟ್ ಥ್ಯಾಕ್ಸ್ಟರ್ ಎದ್ದು ನಿಂತಳು. ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ ನಿವೃತ್ತಳಾದ ವಿಧವೆ. ಇಂಥ ಸಭೆಗಳನ್ನು ತಪ್ಪಿಸಿದವಳಲ್ಲ, ಯಾರ ಮುಲಾಜಿಗೂ ಒಂದು ಸುಳ್ಳು ಆಡಿದವಳಲ್ಲ. "ಅಧ್ಯಕ್ಷರೇ, ಅಮೆರಿಕ ಅನ್ನೋ ದೇಶ ಹುಟ್ಟೋಕ್ ಮುಂಚೆ ಕಟ್ಟಿದ ಮನೆ ಅದು. ಅದಕ್ಕೆ ಅಲ್ಯೂಮಿನಿಯಂ ಹಚ್ಚೋದು ಅಂದ್ರೆ ಮುತ್ತಜ್ಜಿಗೆ ಕೂಲಿಂಗ್ ಗ್ಲಾಸ್ ಹಾಕ್ದಂಗೆ. ನಾನು ದಿನಾ ಬೆಳಿಗ್ಗೆ ಪರದೆ ಸರಿಸಿದ್ರೆ ಮೊದ್ಲು ಕಾಣೋದೇ ಎವರೆಟ್ ಮನೆ. ಅವನು ದೀಪ ಹಾಕಿದ್ನಾ ಇಲ್ವಾ ಅಂತ ನೋಡಿನೇ ನಾನು ಕೆಟಲ್ ಇಡೋದು."

ಎವರೆಟ್ ತಲೆಯೆತ್ತಿದ. ತನ್ನ ದೀಪವನ್ನು ಯಾರೋ ನೋಡುತ್ತಾರೆ ಎನ್ನುವುದು ಅವನಿಗೆ ಹೊಸ ಸುದ್ದಿ.

ಪಕ್ಕದ ಮನೆಯ ಬೇಕರಿ ಮನುವೆಲ್ ಸಿಲ್ವೇರಾ ಎದ್ದ. "ಮರದ ಕೆಲ್ಸಕ್ಕೆ ನನ್ ಭಾವಮೈದ ಇಲ್ವೇನಯ್ಯಾ? ನೀನು ಬಾಯ್ಬಿಟ್ಟು ಒಂದ್ ಮಾತು ಕೇಳಿದ್ರೆ ಮುತ್ತು ಉದುರ್ತಿತ್ತಾ?"

ಒಬ್ಬರಾದ ಮೇಲೆ ಒಬ್ಬರು ಎದ್ದು ಎವರೆಟ್‌ನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಅರ್ಜಿ ಬಿದ್ದುಹೋಯಿತು. ಸಭೆ ಮುಗಿದ ಮೇಲೆ ಯಾರೂ ಮನೆಗೆ ಹೋಗಲಿಲ್ಲ. ನಗರಸಭೆಯ ಮೆಟ್ಟಿಲ ಮೇಲೆಯೇ ನಿಂತರು. ಬೈದಾದ ಮೇಲೆ ಮನುಷ್ಯನ ಜೊತೆ ಮಾತಾಡುವುದು ಸುಲಭ ಎಂದು ಕಾಣುತ್ತದೆ. "ವಿನ್ನಿ ಇದ್ದಿದ್ರೆ ನಿನ್ ಕಿವಿ ಹಿಂಡಿರೋಳು," ಎಂದಳು ಹ್ಯಾರಿಯೆಟ್. ವಿನ್ನಿಯ ಹೆಸರು ಬಂದದ್ದೇ ತಡ, ಎಲ್ಲರ ಬಾಯಲ್ಲೂ ವಿನ್ನಿಯೇ. ಅವಳು ಮೇಯರನ ನಾಯಿಗೆ ಬೀನ್ಸ್ ತಿನ್ನಿಸಿದ್ದು, ಪಾದ್ರಿಗೆ ಎದುರುತ್ತರ ಕೊಟ್ಟದ್ದು. ಎವರೆಟ್‌ನೂ ಎರಡು ಮಾತು ಸೇರಿಸಿದ, ಅವರು ನಕ್ಕರು. ನಡೆದರೆ ನಾಲ್ಕು ಹೆಜ್ಜೆಯ ದಾರಿಗೆ ಮನುವೆಲ್ ಅವನನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಬಂದು ಬಿಟ್ಟ. ಅಂದು ಎವರೆಟ್‌ಗೆ ತಿಂಗಳುಗಳ ಮೇಲೆ ಹಸಿವಾಯಿತು.

ಮರದ ದೋಣಿಯನ್ನು ಮನುವೆಲ್‌ನ ಭಾವಮೈದ ಬಂದು ಕೂರಿಸಿ ಹೋದ. ಮತ್ತೆ ಮನೆ ಮೊದಲಿನಂತಾಯಿತು. ಒಂದು ತಿಂಗಳು ತಡೆದುಕೊಂಡ. ಆಮೇಲೆ ಮುಂಭಾಗಕ್ಕೆ ಪ್ಲಾಸ್ಟಿಕ್ ಕಿಟಕಿ ಬೇಕೆಂದು ಅರ್ಜಿ ಹಾಕಿದ.

ನೀವು ಇದನ್ನು ಕಪಟ ಎನ್ನಬಹುದು. ಅವನಿಗೂ ಹಾಗೆ ಅನ್ನಿಸಿ ನಾಚಿಕೆಯಾಗಿತ್ತು. ಆದರೆ ಸಭೆಯ ದಿನ ಹ್ಯಾರಿಯೆಟ್ ಕೆಂಪು ಮುಖ ಮಾಡಿಕೊಂಡು ಒಳಗೆ ಬಂದಾಗ ನಾಚಿಕೆಯೆಲ್ಲ ಹಾರಿಹೋಯಿತು. ಆ ಅರ್ಜಿಯೂ ಬಿತ್ತು, ಮೆಟ್ಟಿಲ ಮೇಲಿನ ಮಾತು ಕತ್ತಲಾಗುವವರೆಗೆ ನಡೆಯಿತು. ಬೇಸಿಗೆಯಲ್ಲಿ ಇನ್ನೊಂದು ಹಾಕಿದ: ಮಾಡಿನ ಮೇಲೆ ಗಾಳಿ ದಿಕ್ಕು ತೋರಿಸಲು ಆಳೆತ್ತರದ ತಗಡಿನ ಸೀಗಡಿ. ವಾರಪತ್ರಿಕೆ ಮೊದಲ ಪುಟದಲ್ಲೇ 'ಪೀಸ್ಲಿ ಮತ್ತೆ ಬಂದರು' ಎಂದು ಬರೆಯಿತು. ಅಂಚೆ ಕಚೇರಿಯಲ್ಲಿ ಮುಖ ಪರಿಚಯವಿಲ್ಲದವರೂ "ಏನ್ ಸ್ವಾಮಿ, ಸೀಗಡಿ ಬೆಂದಿದ್ಯಾ?" ಎಂದು ಕೇಳಿದರು. ಎವರೆಟ್ ಗಂಭೀರವಾಗಿ "ಇನ್ನೂ ಇಲ್ಲ" ಎಂದ. ಬದುಕಿನಲ್ಲಿ ಅವನು ಹೇಳಿದ ಮೊದಲ ತಮಾಷೆ ಅದು. ಮನೆಗೆ ಬಂದು ವಿನ್ನಿಯ ಕುರ್ಚಿಗೆ ಹೇಳಿದ.

ಸೀಗಡಿಯ ಅರ್ಜಿಯೂ ಬಿತ್ತು. ಆದರೆ ಎಲ್ಲರೂ ನಗರಸಭೆಯ ಮೆಟ್ಟಿಲವರೆಗೆ ಮಾತ್ರ. ಮನೆಯೊಳಗೆ ಯಾರೂ ಬಂದಿರಲಿಲ್ಲ, ಬನ್ನಿ ಎಂದು ಕರೆಯಲು ಇವನಿಗೆ ಬಾಯಿ ಬಂದಿರಲಿಲ್ಲ. ಕರೆಯುವುದು ಯಾವಾಗಲೂ ವಿನ್ನಿಯ ಕೆಲಸ. ಎವರೆಟ್ ಯೋಚಿಸಿ ಯೋಚಿಸಿ ಒಂದು ದಾರಿ ಕಂಡುಕೊಂಡ. ವಾದ ತೀರಾ ಬಿಸಿಯಾದರೆ ಸಮಿತಿ ಕೆಲವೊಮ್ಮೆ ಸ್ಥಳ ಪರಿಶೀಲನೆ ಇಡುತ್ತದೆ. ಸಮಿತಿಯೂ ನೆರೆಹೊರೆಯವರೂ ಒಟ್ಟಿಗೆ ಮನೆಯ ಮುಂದೆ ಬಂದು ನಿಲ್ಲುತ್ತಾರೆ. ಅಷ್ಟು ದೂರ ಬಂದವರನ್ನು ಒಳಗೆ ಕಾಫಿಗೆ ಕರೆಯದಿರುವುದು ಹೇಗೆ? ಅದಕ್ಕೆ ಕರೆಯುವ ಧೈರ್ಯವೇ ಬೇಕಿಲ್ಲ, ಬಾಗಿಲು ತೆರೆದರೆ ಸಾಕು. ಅಂಥ ಪರಿಶೀಲನೆಗೆ ತಕ್ಕ ಅನ್ಯಾಯವೊಂದು ಬೇಕಿತ್ತು. ವಿನ್ನಿ ಆರಿಸಿದ್ದ ಕಡುಹಸಿರು ಬಾಗಿಲಿಗೆ ಕಿತ್ತಳೆ ಬಣ್ಣ ಎಂದು ಬರೆದ. ಬಣ್ಣದಂಗಡಿಯ ಮಾದರಿ ಚೀಟಿಗಳಲ್ಲಿ ಲೈಫ್ ಜಾಕೆಟ್ಟಿನ ಬಣ್ಣದ ಚೀಟಿಯನ್ನೇ ಹುಡುಕಿ ಅರ್ಜಿಗೆ ಅಂಟಿಸಿದ.

ಅಕ್ಟೋಬರಿನ ಸಭೆಗೆ ಅವನು ಮದುಮಗನಂತೆ ಸಜ್ಜಾದ. ಕ್ಷೌರ ಮಾಡಿಸಿಕೊಂಡ, ಅಂಗಿ ಇಸ್ತ್ರಿ ಮಾಡಿದ, ಅಡುಗೆಮನೆಯ ಕಿಟಕಿ ಒರೆಸಿದ, ಲೋಟಗಳನ್ನೆಲ್ಲ ತೊಳೆದು ಬೋರಲು ಹಾಕಿದ. ವಿನ್ನಿ ಮಾಡುತ್ತಿದ್ದ ಶುಂಠಿ ಬಿಸ್ಕತ್ತು ಬೇಯಿಸಲು ನೋಡಿದ. ಮೊದಲ ತಟ್ಟೆ ಸೀದುಹೋಯಿತು, ಎರಡನೆಯದು ಪರವಾಗಿಲ್ಲ ಎನ್ನುವಂತಾಯಿತು. ಅದನ್ನು ಡಬ್ಬಿಗೆ ತುಂಬಿ ಸಭೆಗೂ ಒಯ್ದ.

ಸಭಾಂಗಣದಲ್ಲಿ ಸಮಿತಿಯವರು ಇದ್ದರು, ಬರೆದುಕೊಳ್ಳುವ ಗುಮಾಸ್ತೆ ಇದ್ದಳು. ಕುರ್ಚಿಗಳ ಸಾಲು ಖಾಲಿಯಿತ್ತು.

ಅಧ್ಯಕ್ಷ ಲೋರಿಂಗ್ ಕನ್ನಡಕದ ಮೇಲಿನಿಂದ ನೋಡಿದ. "ಅರ್ಜಿದಾರರು ಪೀಸ್ಲಿ. ಮುಂಬಾಗಿಲು. ಬಣ್ಣ..." ಚೀಟಿ ನೋಡಿ ಗಂಟಲು ಸರಿಮಾಡಿಕೊಂಡ. "ಕಿತ್ತಳೆ. ತಕರಾರಿರೋರು ಯಾರಾದ್ರೂ ಇದೀರಾ?"

ಯಾರೂ ಇರಲಿಲ್ಲವಾದ್ದರಿಂದ ಯಾರೂ ಮಾತಾಡಲಿಲ್ಲ.

"ಇನ್ನೊಂದ್ ಸ್ವಲ್ಪ ಕಾಯೋಣ," ಎಂದ ಎವರೆಟ್. "ಹ್ಯಾರಿಯೆಟ್ ಬರ್ತಾಳೆ."

"ಹ್ಯಾರಿಯೆಟ್ ಯಾವತ್ತಾದ್ರೂ ತಡವಾಗಿ ಬಂದದ್ದುಂಟಾ?" ಎಂದ ಲೋರಿಂಗ್. "ತಕರಾರಿಲ್ಲ ಅಂತ ಬರ್ಕೊಳಮ್ಮ."

"ಇದೆ," ಎಂದು ಎವರೆಟ್ ಎದ್ದು ನಿಂತ. ಡಬ್ಬಿ ಕೈಯಲ್ಲೇ ಇತ್ತು. "ನನ್ ತಕರಾರಿದೆ."

"ಪೀಸ್ಲಿಯವರೇ, ಅರ್ಜಿ ಹಾಕಿರೋರು ನೀವು. ಬೇಕಾದ್ರೆ ವಾಪಸ್ ತಗೊಳ್ಳಿ. ನಿಮ್ಮ ಅರ್ಜಿಗೆ ನೀವೇ ವಿರೋಧ ಮಾಡಕ್ಕೆ ನಿಯಮದಲ್ಲಿ ಜಾಗ ಇಲ್ಲ."

ವಾಪಸ್ಸು ಪಡೆದರೆ ಉಳಿಯುವುದಾದರೂ ಏನು? ನಾಳೆ ಇನ್ನೇನೂ ಇಲ್ಲ, ನಾಡಿದ್ದೂ ಇಲ್ಲ. "ಬಣ್ಣ ತೀರಾ ಕೆಟ್ಟದು," ಎಂದ ಎವರೆಟ್. "ಬೀದಿಗೇ ಅವಮಾನ. ನಮ್ಮಕ್ಕ ಆ ಹಸಿರನ್ನ ಎಷ್ಟು ದಿನ ಹುಡುಕಿ ತಂದಿದ್ಲು ಗೊತ್ತಾ? ಇದನ್ನ ಹೀಗೆ ಬಿಡಬಾರ್ದು. ಎಲ್ರೂ ಬಂದು ನೋಡ್ಬೇಕು. ಸ್ಥಳ ಪರಿಶೀಲನೆ ಆಗ್ಲೇಬೇಕು."

ಗುಮಾಸ್ತೆ ಬರೆಯುವುದನ್ನು ನಿಲ್ಲಿಸಿದಳು. ಲೋರಿಂಗ್ ಕನ್ನಡಕ ತೆಗೆದ. ಸಭೆಯ ಭಾಷೆ ಬಿಟ್ಟು ಮೆತ್ತಗೆ ಹೇಳಿದ, "ಎವರೆಟ್, ಸಾಕಪ್ಪ ಹಠ. ನೀನೇ ಗೆದ್ದೆ. ಹೋಗಿ ಬಣ್ಣ ಹಚ್ಕೋ."

ಎಲ್ಲರೂ ಕೈಯೆತ್ತಿದರು. ಎವರೆಟ್ ಮೆಟ್ಟಿಲ ಮೇಲೆ ಕೊಂಚ ಹೊತ್ತು ನಿಂತಿದ್ದ, ಆಮೇಲೆ ನಡೆದು ಮನೆಗೆ ಬಂದ. ಡಬ್ಬಿಯ ಮುಚ್ಚಳ ತೆಗೆಯಲಿಲ್ಲ.

ಬೆಳಿಗ್ಗೆ ಕಸದ ಡಬ್ಬ ಹೊರಗಿಡುವಾಗ ಎದುರು ಬೀದಿಯಿಂದ ಹ್ಯಾರಿಯೆಟ್ ಕೂಗಿದಳು. "ಸಿಕ್ತಾ?"

"ಸಿಕ್ತು."

"ನಂಗೊತ್ತಿತ್ತು!" ಅವಳ ಮುಖ ಅರಳಿತ್ತು, ಯಾರಿಗೋ ಗುಟ್ಟಾಗಿ ಉಡುಗೊರೆ ಕೊಟ್ಟವಳಂತೆ. "ಮನುವೆಲ್ ಅಂಗಡೀಲಿ ನಾವೆಲ್ಲ ಸೇರಿದ್ವಿ. ಬೀದಿಯವ್ರೆಲ್ಲಾ. ನಾನೇ ಹೇಳ್ದೆ, ಪಾಪ, ಅಕ್ಕನ್ನ ಕಳ್ಕೊಂಡು ಕೂತಿರೋ ಮನುಷ್ಯ, ಏನೋ ಬದಲಾವಣೆ ಬೇಕು ಅಂತ ಒದ್ದಾಡ್ತಿದಾನೆ, ಪ್ರತಿ ಸಲ ನಾವು ಹೋಗಿ ಅವನ ಪ್ರಾಣ ತಿನ್ನೋದು ಧರ್ಮ ಅಲ್ಲ ಅಂತ. ಎಲ್ರೂ ಒಪ್ಪಿದ್ರು. ಇನ್ಮೇಲೆ ಯಾರೂ ನಿನ್ ತಂಟೆಗೆ ಬರಲ್ಲ, ಎವರೆಟ್. ನೀನು ನಿಶ್ಚಿಂತೆಯಾಗಿರು."

"ಥ್ಯಾಂಕ್ಸ್, ಹ್ಯಾರಿಯೆಟ್," ಎಂದ.

ಬೀದಿಯವರೆಲ್ಲ ಒಂದು ಕಡೆ ಕೂತು, ಕಾಫಿ ಕುಡಿದು, ಮನುವೆಲ್‌ನ ಸಿಹಿ ಬ್ರೆಡ್ಡು ತಿಂದು, ಅವನ ಬಗ್ಗೆಯೇ ಮಾತಾಡಿದ್ದರು. ಅವನೊಬ್ಬನಿಗೆ ಹೇಳಿರಲಿಲ್ಲ. ಕೋಪ ಮಾಡಿಕೊಳ್ಳೋಣವೆಂದರೆ ಅದರಲ್ಲಿ ಕೆಟ್ಟದ್ದೇನಿತ್ತು? ಅಷ್ಟು ಜನ ಅಷ್ಟು ಒಳ್ಳೆಯ ಮನಸ್ಸಿನಿಂದ ಅವನನ್ನು ಒಂಟಿ ಮಾಡಿದ್ದರು. ಆ ವಾರದ ಪತ್ರಿಕೆಯಲ್ಲಿ ಒಳಪುಟದ ಮೂಲೆಯಲ್ಲಿ ಒಂದೇ ಸಾಲು ಬಂತು: ಪೀಸ್ಲಿ ಮನೆ ಬಾಗಿಲು, ತಕರಾರಿಲ್ಲ.

ಈಗ ಬಣ್ಣ ಹಚ್ಚದೆ ವಿಧಿಯಿರಲಿಲ್ಲ. ಹ್ಯಾರಿಯೆಟ್‌ನಂಥವಳು ಬಾಯಿ ಮುಚ್ಚಿಕೊಂಡು ತ್ಯಾಗ ಮಾಡಿದ ಮೇಲೆ ಹಸಿರನ್ನೇ ಇಟ್ಟುಕೊಂಡರೆ ಅವಳನ್ನು ಅಣಕಿಸಿದಂತೆ. ಶನಿವಾರ ಬಿಸಿಲಿತ್ತು. ಎವರೆಟ್ ಮರಳುಕಾಗದ ಹಿಡಿದು ವಿನ್ನಿಯ ಹಸಿರನ್ನು ಉಜ್ಜಿದ. ಹಸಿರು ಪುಡಿ ಮೆಟ್ಟಿಲ ಮೇಲೆ, ಬೂಟಿನ ಮೇಲೆ ಉದುರಿತು. ಅದನ್ನು ಗುಡಿಸಿ ಕಸಕ್ಕೆ ಹಾಕಲು ಮನಸ್ಸಾಗದೆ ಹಾಗೇ ಬಿಟ್ಟ. ಬಣ್ಣದ ಡಬ್ಬಿ ತೆರೆದಾಗ ಅವನಿಗೇ ಕಣ್ಣು ಕುಕ್ಕಿತು.

ಭಾನುವಾರ ಎರಡನೇ ಸಲ ಬಳಿಯುತ್ತಿದ್ದಾಗ ಚರ್ಚು ಬಿಟ್ಟಿತು. ಜನ ಆ ದಾರಿಯಲ್ಲೇ ಬರಬೇಕು. ಎವರೆಟ್‌ನ ಎದೆಯಲ್ಲಿ ಆಸೆ ಇನ್ನೂ ಸತ್ತಿರಲಿಲ್ಲ. ಕಣ್ಣಾರೆ ಕಂಡ ಮೇಲಾದರೂ ಯಾರಾದರೊಬ್ಬರು ಕೂಗಾಡಿಯಾರು. ಅಡುಗೆಮನೆಯಲ್ಲಿ ಕಾಫಿ ಕಾಯಿಸಿಟ್ಟಿದ್ದ, ಬಿಸ್ಕತ್ತಿನ ಡಬ್ಬಿಯನ್ನು ಮೇಜಿನ ಮೇಲಿಟ್ಟಿದ್ದ.

"ಚೆನ್ನಾಗಿದೆ, ಎವರೆಟ್," ಎಂದು ಒಬ್ಬರು ಹೋದರು. "ಹೊಸಾ ಥರ ಇದೆ," ಎಂದು ಇನ್ನೊಬ್ಬರು ನೆಲ ನೋಡುತ್ತ ಹೋದರು. ಮನುವೆಲ್ ನಿಂತ, ಬಾಯಿ ತೆರೆದ, ಹೆಂಡತಿ ತೋಳು ಜಗ್ಗಿದಳು. "ಬಿಸಿಲಲ್ಲಿ ಬೇಗ ಒಣಗತ್ತೆ," ಎಂದು ಹೇಳಿ ಅವನೂ ಹೋದ. ಎಲ್ಲರ ಮುಖದಲ್ಲೂ ಸೇತುವೆಯ ಐದು ಗಿಡ್ಡ ಕೂಗು ಕೇಳಿಸಿದಂತಾಯಿತು ಎವರೆಟ್‌ಗೆ.

ಕೊನೆಗೆ ಹ್ಯಾರಿಯೆಟ್ ಬಂದಳು. ಗೇಟಿನ ಬಳಿ ನಿಂತು ಬಾಗಿಲನ್ನು ನೋಡಿದಳು. ಅವಳ ಕತ್ತು ಕೆಂಪೇರಿತು, ತುಟಿ ಬಿಗಿಯಿತು. ಎವರೆಟ್ ಕುಂಚ ಹಿಡಿದು ಕಾದ.

"ಚೆನ್ನಾಗಿದೆ," ಎಂದಳು ಹ್ಯಾರಿಯೆಟ್.

ಅವಳು ಸುಳ್ಳು ಹೇಳಿದ್ದು ಅದೇ ಮೊದಲಿರಬೇಕು. ತನಗಾಗಿ ಹೇಳಿದಳು ಎಂದು ಅವನಿಗೆ ಗೊತ್ತಾಯಿತು. ಕನ್ನಡಿಯ ಮುಂದೆ ಕೂಡ ಒಮ್ಮೆಯೂ ಹೇಳಿ ನೋಡದ ಮಾತನ್ನು ಹೇಗೋ ಹೊರಗೆ ತಂದ.

"ಕಾಫಿ ಇದೆ, ಹ್ಯಾರಿಯೆಟ್. ಒಳಗೆ ಬಾ."

"ಅಯ್ಯೋ, ಬೇಡಪ್ಪಾ. ಕೆಲ್ಸದಲ್ಲಿದೀಯ. ನಾನ್ಯಾಕೆ ನಿಂಗೆ ತೊಂದ್ರೆ ಕೊಡ್ಲಿ?" ಎಂದು ಅವಳು ಬೀದಿ ದಾಟಲು ತಿರುಗಿದಳು.

ಬಣ್ಣ ಕುಂಚದಿಂದ ಬೂಟಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅವಳು ಆಚೆ ಬದಿ ತಲುಪುವುದರಲ್ಲಿದ್ದಳು.

"ತೊಂದ್ರೆ ಕೊಡು!" ಎಂದು ಎವರೆಟ್ ಕೂಗಿದ. ಬೀದಿಯುದ್ದಕ್ಕೂ ಜನ ತಿರುಗಿ ನೋಡಿದರು. ನೋಡಲಿ. "ತೊಂದ್ರೆ ಕೊಡು, ಹ್ಯಾರಿಯೆಟ್! ಫೆಬ್ರವರಿಯಿಂದ ಈ ಮನೆಗೆ ಒಬ್ರೂ ಬಂದಿಲ್ಲ. ಕಿಟಕಿಗೆ, ಸೀಗಡಿಗೆ ಅರ್ಜಿ ಹಾಕಿದ್ದೂ ಅದಕ್ಕೇ. ನಂಗೆ ಯಾವ ಬಾಗಿಲೂ ಬೇಕಾಗಿರ್ಲಿಲ್ಲ."

ಹ್ಯಾರಿಯೆಟ್ ನಿಂತಳು. ಕಾರೊಂದು ಬಂದು, ಅವಳು ಸರಿಯದೆ ಇದ್ದುದರಿಂದ ಅದೂ ನಿಂತಿತು. ಅವಳು ಅವನನ್ನು ನೋಡಿದಳು, ಬಾಗಿಲನ್ನು ನೋಡಿದಳು, ಬೋನೆಟ್ಟಿನ ಮುಂದಿನಿಂದಲೇ ವಾಪಸ್ಸು ನಡೆದು ಬಂದು ಗೇಟು ತಳ್ಳಿದಳು. ಅವಳ ಕಣ್ಣು ಒದ್ದೆಯಾಗಿತ್ತು. ದನಿ ಮಾತ್ರ ಸಭೆಯದೇ.

"ದರಿದ್ರವಾಗಿದೆ, ಎವರೆಟ್. ಇಷ್ಟು ಹೊಲಸು ಬಾಗಿಲನ್ನ ನಾನು ಜನ್ಮದಲ್ಲಿ ನೋಡಿಲ್ಲ. ವಿನ್ನಿ ಏನಂದಿರೋಳು? ನಾಳೆ ಬೆಳಿಗ್ಗೆ ಪರದೆ ತೆಗದ್ರೆ ನನ್ ಗತಿಯೇನು?"

ಎವರೆಟ್ ಹಸಿ ಬಣ್ಣ ಕೈಗೆ ಮೆತ್ತಿಕೊಂಡರೂ ಲೆಕ್ಕಿಸದೆ ಬಾಗಿಲನ್ನು ಪೂರ್ತಿ ತಳ್ಳಿ ತೆರೆದ.

"ಒಳಗೆ ಬಂದು ಬೈ," ಎಂದ.